ಕಾರ್ಖಾನೆ ಊರು ಬದಲಿಸಿದಾಗ ಕಲ್ಲಿದ್ದಲು ಕಡಿಮೆಯಾಯಿತೇ? ಲೆಕ್ಕ ಹಾಕುವುದು ಹೀಗೆ

ಕಾರ್ಖಾನೆಗಳಲ್ಲಿ ಎಷ್ಟು ಇಂಧನ ಸುಡುತ್ತಾರೆ, ಅದರಲ್ಲಿ ಎಷ್ಟು ಪೋಲಾಗುತ್ತದೆ ಅಂತ ಅಳೆದು ಹೇಳುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಕೆಲವು ವರ್ಷಗಳ ಹಿಂದೆ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆ ಊರು ಬದಲಿಸಿತು. ಹೊಸ ಜಾಗದಲ್ಲಿ ಕರೆಂಟ್ ಬಹುಪಾಲು ನೀರು ಮತ್ತು ಗಾಳಿಯಿಂದ ಬರುತ್ತಿತ್ತು. ಗೇಟಿನ ಪಕ್ಕದಲ್ಲೇ ದೊಡ್ಡ ಬೋರ್ಡ್ ಹಾಕಿದ್ದರು: ನಮ್ಮ ಹೊಗೆ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಅದನ್ನು ಅಳೆದು ಖಾತ್ರಿ ಮಾಡಿಕೊಡಿ ಅಂತ ನನ್ನನ್ನು ಕರೆಸಿದ್ದರು.

ಆಫೀಸಿನಲ್ಲಿ ತೋರಿಸಿದ ಕರೆಂಟ್ ಬಿಲ್ ಸರಿಯಾಗಿಯೇ ಇತ್ತು. ಆಮೇಲೆ ಹಿಂದಿನ ಶೆಡ್ಡಿಗೆ ಹೋದೆ. ಅಲ್ಲಿ ಬಾಯ್ಲರ್ ಇತ್ತು. ಅದರ ಮೈಮೇಲಿನ ತಗಡಿನ ಫಲಕವನ್ನು ದುಪಟ್ಟಾದ ತುದಿಯಿಂದ ಒರೆಸಿ ನೋಡಿದೆ. ತಯಾರಾದ ವರ್ಷ 1994, ಇಂಧನ ಕಲ್ಲಿದ್ದಲು. ಹಳೆ ಊರಿನಲ್ಲಿ ಪೈಪಿನಲ್ಲಿ ಗ್ಯಾಸ್ ಬರುತ್ತಿತ್ತು. ಇಲ್ಲಿಗೆ ಪೈಪ್ ಬಂದಿರಲಿಲ್ಲ. ಅದಕ್ಕೆ ಸೆಕೆಂಡ್ ಹ್ಯಾಂಡ್ ಬಾಯ್ಲರ್ ಒಂದನ್ನು ತಂದು ಕೂರಿಸಿದ್ದರು. ಬಾಯ್ಲರ್ ಆಪರೇಟರ್ ಸಲಿಕೆ ಗೋಡೆಗೆ ಒರಗಿಸಿ ಮುಖ ಒರೆಸಿಕೊಳ್ಳುತ್ತಿದ್ದರು. "ಒಂದು ಶಿಫ್ಟಿಗೆ ಎಷ್ಟು ಹಾಕ್ತೀರಾ?" ಅಂತ ಕೇಳಿದೆ. "ಹನ್ನೊಂದು ತಳ್ಳುಗಾಡಿ ಮೇಡಂ" ಅಂದರು.

ಬೋರ್ಡಿನಲ್ಲಿ ಬರೆದವರು ಬೇಕಂತ ಸುಳ್ಳು ಹೇಳಿರಲಿಲ್ಲ. ಕರೆಂಟಿನ ಲೆಕ್ಕ ಮಾತ್ರ ಹಾಕಿದ್ದರು. ಇಂಥ ಬೋರ್ಡ್, ಇಂಥ ಸುದ್ದಿ ನೀವೂ ನೋಡಿರುತ್ತೀರಿ. ಒಂದು ಉದ್ಯಮ ಒಂದು ಪ್ರದೇಶ ಬಿಟ್ಟು ಇನ್ನೊಂದಕ್ಕೆ ಹೋದಾಗ ಕಲ್ಲಿದ್ದಲು, ಎಣ್ಣೆ, ಗ್ಯಾಸಿನ ಮೇಲಿನ ಅವಲಂಬನೆ ನಿಜಕ್ಕೂ ಇಳಿಯಿತಾ, ಏರಿತಾ, ಇಲ್ಲಾ ಸುಮ್ನೆ ಜಾಗ ಬದಲಿಸಿತಾ ಅಂತ ನೀವೇ ಲೆಕ್ಕ ಹಾಕಬಹುದು. ದೊಡ್ಡ ಸಾಫ್ಟ್‌ವೇರ್ ಬೇಡ. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು.

ಹಾಳೆಯ ಮೇಲೆ ಮೊದಲ ಸಾಲು

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಹಳೆ ಜಾಗ, ಬಲಕ್ಕೆ ಹೊಸ ಜಾಗ. ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ: ಒಂದು ಟನ್ ಸರಕಿಗೆ. ಇದನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ಹಾಳು. ಹೊಸ ಕಾರ್ಖಾನೆ ಸಾಮಾನ್ಯವಾಗಿ ಹಳೆಯದಕ್ಕಿಂತ ದೊಡ್ಡದಿರುತ್ತದೆ, ಅಥವಾ ಮೊದಲ ವರ್ಷ ಅರ್ಧ ಸಾಮರ್ಥ್ಯದಲ್ಲಿ ಓಡುತ್ತದೆ. ಒಟ್ಟು ಲೆಕ್ಕ ನೋಡಿದರೆ ಮೋಸ ಹೋಗುತ್ತೀರಿ.

ಅದರ ಕೆಳಗೆ ಮೂರು ಸಾಲು: ಕರೆಂಟ್, ಶಾಖ, ಕಚ್ಚಾ ಮಾಲು. ಪಳೆಯುಳಿಕೆ ಇಂಧನ ಕಾರ್ಖಾನೆಯೊಳಗೆ ಬರುವುದು ಈ ಮೂರು ಬಾಗಿಲಿನಿಂದಲೇ. ಯಾವ ಬಾಗಿಲು ದೊಡ್ಡದು ಅನ್ನುವುದು ಸರಕಿನಿಂದ ಸರಕಿಗೆ ಬೇರೆ. ಅಲ್ಯೂಮಿನಿಯಂ ಕರಗಿಸುವ ಕಡೆ ಕರೆಂಟೇ ದೊಡ್ಡದು. ಬಣ್ಣದ ಕಾರ್ಖಾನೆಯಲ್ಲಿ ಶಾಖ ದೊಡ್ಡದು. ಗೊಬ್ಬರಕ್ಕೆ ಬೇಕಾದ ಅಮೋನಿಯಾದಲ್ಲಿ ಗ್ಯಾಸ್ ಅಥವಾ ಕಲ್ಲಿದ್ದಲು ಇಂಧನವೂ ಹೌದು, ಕಚ್ಚಾ ಮಾಲೂ ಹೌದು.

ನಾನು ಹೇಳಿದ ಬಣ್ಣದ ಕಾರ್ಖಾನೆಯ ಲೆಕ್ಕವನ್ನೇ ದುಂಡು ಸಂಖ್ಯೆಯಲ್ಲಿ ಹಾಕಿ ತೋರಿಸುತ್ತೇನೆ. ಒಂದು ಟನ್ ಬಟ್ಟೆಗೆ 1,000 ಯೂನಿಟ್ ಕರೆಂಟ್, 8 ಟನ್ ಹಬೆ ಅಂತ ಇಟ್ಟುಕೊಳ್ಳಿ. ಹಳೆ ಊರಿನ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ 0.7 ಕೆಜಿ ಇಂಗಾಲದ ಡೈಆಕ್ಸೈಡ್, ಹೊಸ ಊರಿನಲ್ಲಿ 0.2 ಕೆಜಿ. ನಾನು ಹೊಗೆ ಅನ್ನುವುದು ಇದನ್ನೇ. ಅಂದರೆ ಕರೆಂಟಿನ ಸಾಲಿನಲ್ಲಿ 700 ಕೆಜಿ ಇದ್ದದ್ದು 200ಕ್ಕೆ ಇಳಿಯಿತು. ಬೋರ್ಡಿನ ಲೆಕ್ಕ ಇಷ್ಟೇ. ಈಗ ಶಾಖದ ಸಾಲು. ಒಂದು ಟನ್ ಹಬೆ ಮಾಡಲು ಒಳ್ಳೆ ಗ್ಯಾಸ್ ಬಾಯ್ಲರ್‌ನಲ್ಲಿ ಸುಮಾರು 160 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹಳೆ ಕಲ್ಲಿದ್ದಲು ಬಾಯ್ಲರ್‌ನಲ್ಲಿ ಸುಮಾರು 300 ಕೆಜಿ. ಎಂಟರಿಂದ ಗುಣಿಸಿ. ಹಳೆ ಜಾಗದಲ್ಲಿ 1,280, ಹೊಸ ಜಾಗದಲ್ಲಿ 2,400. ಎರಡೂ ಸಾಲು ಕೂಡಿಸಿದರೆ ಹಳೆಯದು 1,980 ಕೆಜಿ, ಹೊಸದು 2,600 ಕೆಜಿ. ಹೊಗೆ ಇಳಿಯುವ ಬದಲು ಏರಿತ್ತು. ಗ್ಯಾಸ್ ಬಿಟ್ಟು ಕಲ್ಲಿದ್ದಲಿಗೆ ಹೋಗಿದ್ದರು, ಅದೂ ಸ್ವಚ್ಛ ಕರೆಂಟ್ ಇರುವ ಊರಿನಲ್ಲಿ.

ಕರೆಂಟಿನ ಸಾಲು: ಸರಾಸರಿ ಕೇಳಬೇಡಿ

ಈ ಸಾಲಿನಲ್ಲಿ ಜನ ಜಾಸ್ತಿ ಎಡವುತ್ತಾರೆ. ಅದಕ್ಕೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಅಲ್ಯೂಮಿನಿಯಂ ತೆಗೆದುಕೊಳ್ಳಿ. ಅದಿರಿನ ಪುಡಿಯಿಂದ ಒಂದು ಟನ್ ಲೋಹ ತೆಗೆಯಲು ಸುಮಾರು 14,000 ಯೂನಿಟ್ ಬೇಕು. ಕಲ್ಲಿದ್ದಲು ಕರೆಂಟಿನಲ್ಲಿ ಮಾಡಿದರೆ, ಯೂನಿಟ್‌ಗೆ 0.9 ಕೆಜಿ ಹಿಡಿದರೂ, 12.6 ಟನ್ ಇಂಗಾಲದ ಡೈಆಕ್ಸೈಡ್. ಜಲವಿದ್ಯುತ್ತಿನಲ್ಲಿ ಈ ಸಾಲು ಹತ್ತಿರಹತ್ತಿರ ಸೊನ್ನೆ. ಕರಗಿಸುವಾಗ ಸವೆಯುವ ಇಂಗಾಲದ ಕಂಬಿಗಳಿಂದ ಬರುವ ಸುಮಾರು ಒಂದೂವರೆ ಟನ್ ಮಾತ್ರ ಎರಡೂ ಕಡೆ ಇದ್ದೇ ಇರುತ್ತದೆ. ಇಷ್ಟು ದೊಡ್ಡ ವ್ಯತ್ಯಾಸ ಬೇರೆ ಯಾವ ಸರಕಿನಲ್ಲೂ ನನಗೆ ಸುಲಭಕ್ಕೆ ಸಿಕ್ಕಿಲ್ಲ. ಹಾಗಾಗಿಯೇ ಈ ಉದ್ಯಮ ಅಗ್ಗದ ಕರೆಂಟ್ ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ.

ಐಸ್‌ಲ್ಯಾಂಡ್‌ನಲ್ಲಿ ಅಲ್ಯೂಮಿನಿಯಂ ಅದಿರು ಇಲ್ಲ. ಆದರೂ ಸ್ಟ್ರೌಮ್ಸ್‌ವೀಕ್‌ನಲ್ಲಿ 1969ರಿಂದ ಅಲ್ಯೂಮಿನಿಯಂ ಕರಗಿಸುತ್ತಿದ್ದಾರೆ. ಪೂರ್ವದ ಕಡಲತೀರದ ಇನ್ನೊಂದು ಕಾರ್ಖಾನೆ 2007ರಲ್ಲಿ ಶುರುವಾಯಿತು. ಅದಕ್ಕೆಂದೇ ಕಾರಾಹ್ನ್ಯೂಕರ್ ಅನ್ನುವಲ್ಲಿ 690 ಮೆಗಾವಾಟ್ ಜಲವಿದ್ಯುತ್ ಯೋಜನೆ ಕಟ್ಟಿದರು. ಆ ಅಣೆಕಟ್ಟಿಗೆ ಅಲ್ಲಿ ದೊಡ್ಡ ವಿರೋಧವೂ ಇತ್ತು. ಮುಳುಗಿದ ನೆಲದ ನಷ್ಟ ನಮ್ಮ ಹಾಳೆಯಲ್ಲಿ ಕಾಣುವುದಿಲ್ಲ, ಅದಕ್ಕೆ ಇನ್ನೊಂದು ಹಾಳೆ ಬೇಕು.

ಈಗ ಎಡವುವ ಜಾಗ. ಐಸ್‌ಲ್ಯಾಂಡ್‌ನಿಂದ ಬೇರೆ ದೇಶಕ್ಕೆ ವಿದ್ಯುತ್ ಕೇಬಲ್ ಇಲ್ಲ. ಅಲ್ಲಿನ ಹೆಚ್ಚುವರಿ ಕರೆಂಟ್ ಬೇರೆಯವರ ಕಲ್ಲಿದ್ದಲನ್ನು ನೇರವಾಗಿ ತಪ್ಪಿಸಲಾರದು. ಲೋಹವಾಗಿ ಹಡಗು ಹತ್ತಬೇಕು, ಅಷ್ಟೇ. ನಾರ್ವೆಯ ಕಥೆ ಬೇರೆ. ಅಲ್ಲಿಂದ 2021ರಲ್ಲಿ ಜರ್ಮನಿಗೂ ಬ್ರಿಟನ್ನಿಗೂ ಸಮುದ್ರದಡಿ ಕೇಬಲ್‌ಗಳು ಕೆಲಸ ಶುರು ಮಾಡಿದವು. ಅಲ್ಲಿ ಹೊಸ ಕಾರ್ಖಾನೆಯೊಂದು ಬಳಸುವ ಯೂನಿಟ್, ಆಚೆಗೆ ಹೋಗಿ ಅಲ್ಲೊಂದು ಗ್ಯಾಸ್ ಸ್ಥಾವರವನ್ನು ತಗ್ಗಿಸಬಹುದಾಗಿದ್ದ ಯೂನಿಟ್ ಆಗಿರಬಹುದು. ಬಿಲ್‌ನಲ್ಲಿ ಎರಡೂ ಕಡೆ ಜಲವಿದ್ಯುತ್ ಅಂತಲೇ ಬರೆದಿರುತ್ತದೆ.

ಆದ್ದರಿಂದ "ಇಲ್ಲಿ ಸರಾಸರಿ ಎಷ್ಟು ಪಾಲು ಸ್ವಚ್ಛ ಕರೆಂಟ್?" ಅಂತ ಕೇಳಿ ಸುಮ್ಮನಾಗಬೇಡಿ. "ಈ ಕಾರ್ಖಾನೆಯ ಸ್ವಿಚ್ ಹಾಕಿದ ಕ್ಷಣ, ಆ ಹೆಚ್ಚುವರಿ ಲೋಡ್ ಹೊರಲು ಯಾವ ಸ್ಥಾವರ ಜಾಸ್ತಿ ಓಡುತ್ತದೆ?" ಅಂತ ಕೇಳಿ. ಅನೇಕ ಕಡೆ ಗ್ರಿಡ್ ನಡೆಸುವವರು ಗಂಟೆಗಂಟೆಯ ಉತ್ಪಾದನೆಯನ್ನು ಪ್ರಕಟಿಸುತ್ತಾರೆ. ವರ್ಷದಲ್ಲಿ ನೀರು ಕಡಿಮೆ ಇರುವ ತಿಂಗಳು ಆರಿಸಿ. ಗಾಳಿ ನಿಂತ ಒಂದು ದಿನ, ಸೂರ್ಯ ಮುಳುಗಿದ ಮೇಲಿನ ಒಂದು ಗಂಟೆ ತೆಗೆದು ನೋಡಿ. ಆಗ ಯಾವುದು ಏರಿದೆಯೋ ಅದೇ ನಿಮ್ಮ ಉತ್ತರಕ್ಕೆ ಹತ್ತಿರ. ಕಾರ್ಖಾನೆಗೆಂದೇ ಹೊಸ ಸ್ಥಾವರ ಕಟ್ಟಿದ್ದರೆ ಮಾತ್ರ ಆ ಸ್ಥಾವರದ ಲೆಕ್ಕ ಹಾಕಬಹುದು.

ಚೀನಾದ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿನ ಶಾಂಡಾಂಗ್ ಪ್ರಾಂತ್ಯದಲ್ಲಿ ಅಲ್ಯೂಮಿನಿಯಂ ಕಾರ್ಖಾನೆಗಳು ತಮ್ಮದೇ ಕಲ್ಲಿದ್ದಲು ಸ್ಥಾವರಗಳ ಮೇಲೆ ನಡೆಯುತ್ತಿದ್ದವು. 2019ರ ಆಚೀಚೆ ಆ ಸಾಮರ್ಥ್ಯದಲ್ಲಿ ದೊಡ್ಡ ಪಾಲನ್ನು ನದಿಗಳು ತುಂಬಿರುವ ಯುನ್ನಾನ್ ಪ್ರಾಂತ್ಯಕ್ಕೆ ಸಾಗಿಸಲು ಶುರು ಮಾಡಿದರು. ಕಾಗದದ ಮೇಲೆ ಟನ್‌ಗೆ ಸುಮಾರು 12 ಟನ್ ಹೊಗೆ ಉಳಿತಾಯ. 2022ರಲ್ಲಿ ಮಳೆ ಕೈಕೊಟ್ಟಿತು. ಜಲಾಶಯಗಳು ಇಳಿದವು. ಕಾರ್ಖಾನೆಗಳಿಗೆ ಉತ್ಪಾದನೆ ತಗ್ಗಿಸಲು ಹೇಳಿದರು, 2023ರಲ್ಲೂ ಹಾಗೇ ಆಯಿತು. ಜೊತೆಗೆ ಯುನ್ನಾನ್‌ನ ಕರೆಂಟ್ ಮೊದಲಿನಿಂದಲೂ ಪೂರ್ವದ ಗುವಾಂಗ್‌ಡಾಂಗ್‌ಗೆ ಹೋಗುತ್ತದೆ. ಇಲ್ಲಿ ಕಾರ್ಖಾನೆ ಬಳಸಿದ್ದು ಅಲ್ಲಿಗೆ ತಲುಪುವುದಿಲ್ಲ. ನನ್ನ ಪ್ರಕಾರ ಆ ಸ್ಥಳಾಂತರ ಒಳ್ಳೆಯದೇ. ಶಾಂಡಾಂಗ್‌ನ ಸ್ಥಾವರಗಳು ಆ ಮಟ್ಟಿಗೆ ನಿಜವಾಗಿ ಇಳಿದರೆ ದೊಡ್ಡ ಲಾಭ. ಆದರೆ 12.6 ಟನ್ ಪೂರ್ತಿ ಉಳಿಯಿತು ಅಂತ ಹಾಳೆಯಲ್ಲಿ ಬರೆಯಲು ನನ್ನ ಕೈ ಬರುವುದಿಲ್ಲ.

ಅಲ್ಯೂಮಿನಿಯಂ ಕಾರ್ಖಾನೆಗೆ ಇನ್ನೊಂದು ತೊಂದರೆ ಇದೆ. ಕರೆಂಟ್ ಕೆಲವು ಗಂಟೆ ಹೋದರೂ ತೊಟ್ಟಿಗಳಲ್ಲಿ ಕರಗಿದ ಲೋಹ ಹೆಪ್ಪುಗಟ್ಟುತ್ತದೆ. ಹಾಗಾಗಿ ಅದು ಹಗಲೂ ರಾತ್ರಿ ಒಂದೇ ಸಮನೆ ಕರೆಂಟ್ ಬೇಡುತ್ತದೆ. ಬಿಸಿಲಿದ್ದಾಗ ಓಡಿಸಿ, ಇಲ್ಲದಾಗ ನಿಲ್ಲಿಸಿ ಅಂದರೆ ಆಗುವುದಿಲ್ಲ.

ಬಿಟ್‌ಕಾಯಿನ್ ಗಣಿಗಾರಿಕೆಯ ಯಂತ್ರಗಳಿಗೆ, ಅಂದರೆ ಆ ಡಿಜಿಟಲ್ ಹಣಕ್ಕಾಗಿ ಲೆಕ್ಕ ಮಾಡುವ ಕಂಪ್ಯೂಟರ್‌ಗಳಿಗೆ, ಆ ತೊಂದರೆ ಇಲ್ಲ, ಲಾರಿಗೆ ತುಂಬಿ ಹೊರಡಬಹುದು. ಚೀನಾದಲ್ಲಿ ಮಳೆಗಾಲಕ್ಕೆ ಸಿಚುವಾನ್‌ನ ಜಲವಿದ್ಯುತ್ತಿಗೆ, ಒಣ ತಿಂಗಳಲ್ಲಿ ಷಿನ್‌ಜಿಯಾಂಗ್‌ನ ಕಲ್ಲಿದ್ದಲು ಕರೆಂಟಿಗೆ ಓಡಾಡಿಕೊಂಡಿದ್ದವು. 2021ರಲ್ಲಿ ಅಲ್ಲಿ ನಿಷೇಧ ಬಂತು. ಒಂದಷ್ಟು ಯಂತ್ರಗಳು ಕಝಾಕಸ್ತಾನಕ್ಕೆ ಹೋದವು. ಅಲ್ಲಿ ಕರೆಂಟ್ ಹೆಚ್ಚುಪಾಲು ಕಲ್ಲಿದ್ದಲಿನದು. ವರ್ಷದಲ್ಲಿ ಅರ್ಧದಷ್ಟಾದರೂ ನೀರಿನ ಕರೆಂಟ್ ಬಳಸುತ್ತಿದ್ದ ಯಂತ್ರ ವರ್ಷವಿಡೀ ಕಲ್ಲಿದ್ದಲಿಗೆ ಅಂಟಿಕೊಂಡಿತು. ಹೊಗೆಯ ಯೋಚನೆಯೇ ಇಲ್ಲದೆ ಜಾಗ ಬದಲಿಸಿದರೆ ಹೀಗೂ ಆಗುತ್ತದೆ.

ಈ ಸಾಲು ಮುಗಿಸುವ ಮುಂಚೆ ಡೀಸೆಲ್ ಜನರೇಟರ್‌ನ ಲಾಗ್ ಬುಕ್ ಕೇಳಿ. ಹೊಸ ಜಾಗದಲ್ಲಿ ಕರೆಂಟ್ ಪದೇಪದೇ ಹೋಗುತ್ತಿದ್ದರೆ ಡೀಸೆಲ್ ಸುಡುತ್ತಿರುತ್ತಾರೆ. ಒಂದು ಲೀಟರ್ ಡೀಸೆಲ್‌ನಿಂದ ಸುಮಾರು ಮೂರೂವರೆ ಯೂನಿಟ್, ಹೊಗೆ 2.7 ಕೆಜಿ. ಈ ಪುಸ್ತಕ ಕರೆಂಟ್ ಬಿಲ್‌ನ ಫೈಲಿನಲ್ಲಿ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕೋಣೆಯಲ್ಲಿ, ಎಣ್ಣೆ ಕಲೆಯಾದ ರಟ್ಟಿನ ಪುಸ್ತಕ. ಅಲ್ಲಿಗೇ ಹೋಗಿ ಕೇಳಿ.

ಹಿಂದೆ ಒಮ್ಮೆ ಉಲ್ಟಾ ಆಗಿತ್ತು

ಜಾಗಕ್ಕೂ ಇಂಧನಕ್ಕೂ ಇರುವ ನಂಟು ಹಳೆಯದು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಇಂಗ್ಲೆಂಡಿನ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಬಲದಿಂದ ಓಡುವ ನೂಲಿನ ಗಿರಣಿ ಶುರು ಮಾಡಿದರು. ನೀರು ಬೀಳುವ ಕಡೆಗೇ ಗಿರಣಿ ಹೋಗಬೇಕಿತ್ತು, ಕೆಲಸಗಾರರಿಗೆ ಅಲ್ಲೇ ಮನೆ ಕಟ್ಟಿಕೊಡಬೇಕಿತ್ತು. ನೀರನ್ನು ಊರಿಗೆ ಹೊತ್ತುಕೊಂಡು ಹೋಗಲಾಗದು, ಕಲ್ಲಿದ್ದಲನ್ನು ಹೊತ್ತು ತರಬಹುದು. ಮ್ಯಾಂಚೆಸ್ಟರ್‌ಗೆ 1760ರ ದಶಕದಲ್ಲೇ ಕಾಲುವೆಯಲ್ಲಿ ದೋಣಿ ಮೇಲೆ ಕಲ್ಲಿದ್ದಲು ಬರತೊಡಗಿತ್ತು. ಹಬೆ ಯಂತ್ರ ಗಿರಣಿ ಓಡಿಸುವಷ್ಟು ಪಳಗಿದ ಮೇಲೆ ಗಿರಣಿಗಳು ಜನ ಇರುವ ಪಟ್ಟಣಗಳಿಗೆ ಬಂದವು. ಜಾಗ ಬದಲಿಸಿದ್ದರಿಂದಲೇ ಕಲ್ಲಿದ್ದಲಿನ ಕೊಂಡಿ ಗಟ್ಟಿಯಾಯಿತು. ಈಗ ಸ್ವಚ್ಛ ಕರೆಂಟಿನ ಕಡೆಗೆ ಹೊರಟಿರುವ ಕಾರ್ಖಾನೆಗಳನ್ನು ನೋಡಿದಾಗ ನನಗೆ ಈ ಕಥೆ ನೆನಪಾಗುತ್ತದೆ. ಇಂಧನವನ್ನು ತಮ್ಮ ಬಳಿಗೆ ತರಿಸಿಕೊಳ್ಳುವ ಬದಲು ಮತ್ತೆ ಅದಿದ್ದಲ್ಲಿಗೇ ಹೋಗುತ್ತಿವೆ.

ಶಾಖ ಮತ್ತು ಕಚ್ಚಾ ಮಾಲು

ಶಾಖದ ಸಾಲಿಗೆ ಎರಡು ಪ್ರಶ್ನೆ ಸಾಕು. ಹೊಸ ಜಾಗದಲ್ಲಿ ಏನು ಸುಡುತ್ತಾರೆ? ಎಷ್ಟು ಡಿಗ್ರಿ ಬೇಕು? ಎರಡನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ.

ಸಿಮೆಂಟ್ ಬೇರೆ ಜಾತಿ. ಗೂಡಿನಲ್ಲಿ ಸುಮಾರು 1,450 ಡಿಗ್ರಿ ಬೇಕು. ಅಷ್ಟೇ ಅಲ್ಲ, 100 ಕೆಜಿ ಶುದ್ಧ ಸುಣ್ಣದಕಲ್ಲು ಸುಟ್ಟರೆ 44 ಕೆಜಿ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಇದು ಇಂಧನದ ಹೊಗೆ ಅಲ್ಲ. ಕಾರ್ಖಾನೆಯನ್ನು ಭೂಮಿಯ ಯಾವ ಮೂಲೆಗೆ ಒಯ್ದರೂ ಇದು ಬದಲಾಗುವುದಿಲ್ಲ. ಹಾಳೆಯಲ್ಲಿ ಬೇರೆ ಬರೆದಿಡಿ.

ಅಮೋನಿಯಾಕ್ಕೆ ಹೈಡ್ರೋಜನ್ ಬೇಕು. ಅದನ್ನು ಹೆಚ್ಚಿನ ಕಡೆ ಗ್ಯಾಸ್‌ನಿಂದ ತೆಗೆಯುತ್ತಾರೆ, ಚೀನಾದಲ್ಲಿ ಬಹುಪಾಲು ಕಲ್ಲಿದ್ದಲಿನಿಂದ. ಗ್ಯಾಸ್ ಆದರೆ ಟನ್‌ಗೆ ಸುಮಾರು 2 ಟನ್ ಹೊಗೆ, ಕಲ್ಲಿದ್ದಲಾದರೆ 3 ಟನ್ ದಾಟುತ್ತದೆ. 2022ರಲ್ಲಿ ರಷ್ಯಾ ಯುಕ್ರೇನ್ ಮೇಲೆ ಯುದ್ಧಕ್ಕೆ ಹೋದ ಮೇಲೆ ಯುರೋಪಿನಲ್ಲಿ ಗ್ಯಾಸ್ ಬೆಲೆ ಗಗನಕ್ಕೇರಿತು. ಅನೇಕ ಅಮೋನಿಯಾ ಘಟಕಗಳು ನಿಂತವು. ಹೊರಗಿನಿಂದ ಅಮೋನಿಯಾ ತರಿಸಿಕೊಂಡರು. ಯುರೋಪಿನ ಗ್ಯಾಸ್ ಬಳಕೆ ಇಳಿಯಿತು, ನಿಜ. ಆದರೆ ಆ ಅಮೋನಿಯಾ ಬಂದದ್ದು ಬೇರೆಯವರ ಗ್ಯಾಸ್‌ನಿಂದ. ಅವಲಂಬನೆ ಹಾಗೇ ಇತ್ತು, ನಲ್ಲಿ ಮಾತ್ರ ಬೇರೆಯವರ ಕೈಗೆ ಹೋಗಿತ್ತು. ನಿಮ್ಮ ಹಾಳೆಯ ಅಂಚಿನಲ್ಲಿ "ನಲ್ಲಿ ಯಾರ ಕೈಯಲ್ಲಿ?" ಅಂತ ಒಂದು ಸಣ್ಣ ಕಾಲಂ ಇಟ್ಟುಕೊಳ್ಳಿ. ಕೆಜಿ ಲೆಕ್ಕದಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ.

ನಾರ್ವೆಯ ರ್‍ಯೂಕನ್‌ನಲ್ಲಿ ಒಂದು ಕಾಲದಲ್ಲಿ ಜಲಪಾತದ ಕರೆಂಟಿನಿಂದ ನೀರನ್ನು ಸೀಳಿ ಹೈಡ್ರೋಜನ್ ತೆಗೆದು ಗೊಬ್ಬರ ಮಾಡುತ್ತಿದ್ದರು. ಎಣ್ಣೆ, ಗ್ಯಾಸ್‌ನಿಂದ ಹೈಡ್ರೋಜನ್ ತೆಗೆಯುವುದು ಅಗ್ಗವಾದಾಗ ಅದು ನಿಂತುಹೋಯಿತು. ಆಗಲೇ ಗೊತ್ತಿದ್ದ ವಿದ್ಯೆ ಅದು. ನೆನೆದರೆ ಬೇಜಾರಾಗುತ್ತದೆ.

ಸಾಗಣೆಯ ಬಗ್ಗೆ ಜನ ಅನಗತ್ಯವಾಗಿ ಹೆದರುತ್ತಾರೆ. ದೊಡ್ಡ ಹಡಗಿನಲ್ಲಿ ಒಂದು ಟನ್ ಸರಕು 10,000 ಕಿಲೋಮೀಟರ್ ಹೋದರೂ 100 ಕೆಜಿಯ ಒಳಗೇ ಹೊಗೆ. ಲಾರಿಯಲ್ಲಿ 1,000 ಕಿಲೋಮೀಟರ್ ಹೋದರೆ ಹತ್ತಿರಹತ್ತಿರ ಅಷ್ಟೇ ಆಗುತ್ತದೆ. ಅಲ್ಯೂಮಿನಿಯಂನ 12.6 ಟನ್ ಮುಂದೆ ಇದು ಏನೂ ಅಲ್ಲ. ಸಿಮೆಂಟ್, ಇಟ್ಟಿಗೆಯಂಥ ಸರಕಾದರೆ, ಅದೂ ಲಾರಿಯಲ್ಲಾದರೆ, ಬರೆಯಿರಿ.

ಹಿಂದೆ ಬಿಟ್ಟ ಜಾಗಕ್ಕೂ ಹೋಗಿ ಬನ್ನಿ

ಈ ಭಾಗವನ್ನು ಯಾರೂ ಮಾಡುವುದಿಲ್ಲ. ಹೊಸ ಜಾಗದ ಉದ್ಘಾಟನೆಗೆ ಎಲ್ಲರೂ ಹೋಗುತ್ತಾರೆ. ಹಳೆ ಜಾಗದಲ್ಲಿ ಬೆಂಕಿ ಆರಿತಾ ಅಂತ ನೋಡುವವರಿಲ್ಲ.

ಇಂಗ್ಲೆಂಡಿನ ಲೈನ್‌ಮತ್‌ನಲ್ಲಿ ಒಂದು ಅಲ್ಯೂಮಿನಿಯಂ ಕಾರ್ಖಾನೆ ಇತ್ತು, ಅದಕ್ಕೆಂದೇ ಕಟ್ಟಿದ ಕಲ್ಲಿದ್ದಲು ಸ್ಥಾವರವೂ ಇತ್ತು. ಕಾರ್ಖಾನೆ 2012ರಲ್ಲಿ ಮುಚ್ಚಿತು. ಸ್ಥಾವರ ಆಗಲೇ ನಿಲ್ಲಲಿಲ್ಲ. ಇನ್ನೂ ಕೆಲವು ವರ್ಷ ಕಲ್ಲಿದ್ದಲು ಸುಟ್ಟು ಗ್ರಿಡ್‌ಗೆ ಕರೆಂಟ್ ಕೊಟ್ಟಿತು. ಆಮೇಲೆ ಕಲ್ಲಿದ್ದಲು ಬಿಟ್ಟು ಮರದ ಉಂಡೆಗಳಿಗೆ ಬದಲಾಯಿತು. ಬ್ರಿಟನ್ನಿನ ಉತ್ತರಕ್ಕೆ, ಸ್ಕಾಟ್‌ಲೆಂಡಿನ ಲೊಕಾಬರ್‌ನಲ್ಲಿ, 1929ರಿಂದ ಜಲವಿದ್ಯುತ್ತಿನಲ್ಲಿ ಅಲ್ಯೂಮಿನಿಯಂ ತಯಾರಾಗುತ್ತಿದೆ. ಅದು ಉಳಿದುಕೊಂಡಿದೆ.

ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಹೋರ್ಡೆ ಅನ್ನುವ ಕಡೆ ಇದ್ದ ಉಕ್ಕಿನ ಕಾರ್ಖಾನೆ 2001ರಲ್ಲಿ ನಿಂತಿತು. ಚೀನಾದಿಂದ ನೂರಾರು ಕೆಲಸಗಾರರು ಬಂದು ಅದನ್ನು ಬಿಚ್ಚಿದರು. ಒಂದೊಂದು ತುಂಡಿಗೂ ಗುರುತು ಹಾಕಿ ಹಡಗಿನಲ್ಲಿ ಯಾಂಗ್ಟ್ಸೆ ನದಿಯ ಮುಖಜ ಪ್ರದೇಶಕ್ಕೆ ಒಯ್ದರು. ಹೋರ್ಡೆಯಲ್ಲಿ ಈಗ ಕೆರೆ ಇದೆ, 2010ರಲ್ಲಿ ಅದಕ್ಕೆ ನೀರು ತುಂಬಿಸಲು ಶುರು ಮಾಡಿದರು. ಕೆರೆಯ ದಂಡೆಯಲ್ಲಿ ನಿಂತರೆ ಹೊಗೆ ಮಾಯವಾದಂತೆಯೇ ಕಾಣುತ್ತದೆ. ಟನ್ ಲೆಕ್ಕದ ಹಾಳೆಯಲ್ಲಿ ಅದು ಬಲಗಡೆಯ ಕಾಲಂಗೆ ಹೋಗಿದೆ, ಅಷ್ಟೇ.

ಬ್ರಿಟನ್ನಿನಲ್ಲಿ 2024ರ ಸೆಪ್ಟೆಂಬರ್ 30ರಂದು ಎರಡು ಬೆಂಕಿ ಒಂದೇ ದಿನ ಆರಿದವು. ರ್‍ಯಾಟ್‌ಕ್ಲಿಫ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ (ದೇಶದಲ್ಲೇ ಕೊನೆಯದು), ಪೋರ್ಟ್ ಟಾಲ್ಬಟ್‌ನ ಕೊನೆಯ ಊದುಕುಲುಮೆ, ಅಂದರೆ ಕಲ್ಲಿದ್ದಲಿನ ಕೋಕ್ ಸುಟ್ಟು ಅದಿರಿನಿಂದ ಕಬ್ಬಿಣ ತೆಗೆಯುವ ಕುಲುಮೆ. ನೋಡಲು ಒಂದೇ ಥರ, ಆದರೆ ಹಾಳೆಯಲ್ಲಿ ಬೇರೆಬೇರೆ. ಮೊದಲನೆಯದರ ಜಾಗವನ್ನು ಬಹುಪಾಲು ಗಾಳಿ ಮತ್ತು ಗ್ಯಾಸ್ ಸ್ಥಾವರಗಳು ಆಗಲೇ ತುಂಬಿದ್ದವು. ಎರಡನೆಯದರ ಜಾಗಕ್ಕೆ ಗುಜರಿ ಕರಗಿಸುವ ವಿದ್ಯುತ್ ಕುಲುಮೆ ಬರಬೇಕಿದೆ. ಅದು ಬರುವವರೆಗೆ ಉಕ್ಕಿನ ಗಟ್ಟಿಗಳು ಹೊರದೇಶದಿಂದ ಬರುತ್ತವೆ. ಊದುಕುಲುಮೆಯಲ್ಲಿ ಒಂದು ಟನ್ ಉಕ್ಕಿಗೆ ಸುಮಾರು 2 ಟನ್ ಹೊಗೆ. ಅದನ್ನು ಯಾರ ಖಾತೆಗೆ ಬರೆಯಬೇಕು? ನಾನು ಬಳಸುವವರ ಖಾತೆಗೇ ಬರೆಯುತ್ತೇನೆ.

ಲೆಕ್ಕಕ್ಕೆ ಅಂಕಿ ಸಿಗುವುದಿಲ್ಲ ಅನ್ನುವ ಕಾಲ ಹೋಗುತ್ತಿದೆ. ಹೊರಗಿನಿಂದ ಬರುವ ಸಿಮೆಂಟ್, ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ, ಗೊಬ್ಬರ, ಹೈಡ್ರೋಜನ್, ಕರೆಂಟ್ ಇವುಗಳ ಹಿಂದಿನ ಹೊಗೆಯನ್ನು ಯುರೋಪಿಯನ್ ಒಕ್ಕೂಟ 2023ರ ಅಕ್ಟೋಬರ್‌ನಿಂದ ಬರೆಸಿಕೊಳ್ಳುತ್ತಿದೆ. 2026ರ ಜನವರಿಯಿಂದ ಅದಕ್ಕೆ ಸುಂಕದ ವ್ಯವಸ್ಥೆಯೂ ಶುರುವಾಗಿದೆ. ಅಲ್ಲಿಗೆ ಈ ಸರಕು ಕಳಿಸುವ ಕಾರ್ಖಾನೆ ಸಾಮಾನ್ಯವಾಗಿ ಟನ್ ಲೆಕ್ಕದ ಹಾಳೆ ಇಟ್ಟಿರುತ್ತದೆ. ಆ ಹಾಳೆ ಕೊಡಿ ಅಂತ ಕೇಳಿ.

ಯಾವಾಗ ಕೇಳಬೇಕು

ಸ್ಥಳಾಂತರದ ಮಾತುಕತೆ ನಡೆಯುತ್ತಿರುವಾಗಲೇ, ಬಾಯ್ಲರ್ ಆರ್ಡರ್ ಮಾಡುವ ಮುಂಚೆ. ಒಮ್ಮೆ ಕೂರಿಸಿದ ಬಾಯ್ಲರ್ ಇಪ್ಪತ್ತು ಮೂವತ್ತು ವರ್ಷ ಅಲ್ಲೇ ಇರುತ್ತದೆ. ಊದುಕುಲುಮೆಯ ಒಳಗಿನ ಇಟ್ಟಿಗೆ ಪದರ ಹೊಸದು ಹಾಕಿದರೆ ಇನ್ನು ಹದಿನೈದು ಇಪ್ಪತ್ತು ವರ್ಷ ಅದನ್ನು ಕದಲಿಸುವ ಮಾತೇ ಇಲ್ಲ. ಕಾರ್ಖಾನೆ ಬಿಚ್ಚಿ ಕಟ್ಟುವ ಹೊತ್ತು ಎಲ್ಲವೂ ಸಡಿಲವಾಗಿರುತ್ತದೆ. ಆಗ ಬದಲಿಸುವುದು ಸುಲಭ.

ಕೇಳಬೇಕಾದ್ದು ಡಿಗ್ರಿ. ಬಣ್ಣದ ಕಾರ್ಖಾನೆಯಲ್ಲಿ ನಾನು ಒಂದೊಂದು ತೊಟ್ಟಿಗೂ ಥರ್ಮಾಮೀಟರ್ ಇಟ್ಟೆ. ಪಾಲಿಯೆಸ್ಟರ್‌ಗೆ ಮಾತ್ರ 130 ಡಿಗ್ರಿ ಬೇಕಿತ್ತು. ಹತ್ತಿ ಬಟ್ಟೆಯ ತೊಟ್ಟಿಗಳು 60ರಿಂದ 80ರೊಳಗೆ ಇದ್ದವು. ಅಂಥ ಬಿಸಿನೀರಿಗೆ ಕಲ್ಲಿದ್ದಲಿನ ಹಬೆ ಬೇಕಿಲ್ಲ. ಹೀಟ್ ಪಂಪ್ ಅಂದರೆ ಫ್ರಿಜ್‌ನಂತೆ ಒಂದು ಕಡೆಯ ಶಾಖವನ್ನು ಇನ್ನೊಂದು ಕಡೆಗೆ ಸಾಗಿಸುವ ಯಂತ್ರ. ಅದು ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ, ಅದಕ್ಕೆ ಉಣಿಸಲು ಬೆಚ್ಚಗಿನ ನೀರು ಅಲ್ಲೇ ಇತ್ತು. ಬಣ್ಣದ ನೀರು ಇನ್ನೂ ಹಬೆಯಾಡುತ್ತಲೇ ಚರಂಡಿಗೆ ಹೋಗುತ್ತಿತ್ತು. ಅದನ್ನು ಮಾಲೀಕರಿಗೆ ತೋರಿಸಲು ನಾನು ಏನೂ ಹೇಳಲಿಲ್ಲ. ಚರಂಡಿಯ ಹತ್ತಿರ ಕರೆದುಕೊಂಡು ಹೋಗಿ, ಥರ್ಮಾಮೀಟರ್ ಅವರ ಕೈಗೇ ಕೊಟ್ಟೆ. ಅದು 58 ತೋರಿಸಿತು.

ಹೀಟ್ ಪಂಪ್ ಕೂರಿಸಲು ಅವರಿಗೆ ಒಂದೂವರೆ ವರ್ಷ ಹಿಡಿಯಿತು. ಬಾಯ್ಲರ್ ಇನ್ನೂ ಇದೆ, ಪಾಲಿಯೆಸ್ಟರ್‌ಗೆ. ಹೋದ ಸಲ ಅಳೆಯಲು ಹೋದಾಗ ಆಪರೇಟರ್ ನಾನು ಕೇಳುವ ಮುಂಚೆಯೇ ನಾಲ್ಕು ಬೆರಳು ತೋರಿಸಿದರು. ಶಿಫ್ಟಿಗೆ ನಾಲ್ಕು ಗಾಡಿ.